ಅರ್ಧ ಗುಳಿಗೆ

ಕೊಂಡಾಪುರ, ಹೈದರಾಬಾದ್
ಕಾರ್ತಿಕ ಬಹುಳ ಪಂಚಮಿ, ಭಾನುವಾರ

ಬೀದರಿನ ತವರಲ್ಲಿ ಮುಖ ತಿರುಗಿಸಿ ಕುಳಿತಿರುವ ಸೊಸೆ ಸಂಪದಾಳಿಗೆ ಅತ್ತೆಯ ಆಶೀರ್ವಾದ.

ಎಂಥ ಕಲ್ಲೆದೆಯ ಹೆಣ್ಣೇ ನೀನು! ಜಗಳವಾಡಿದ್ದು ಗಂಡನ ಜೊತೆ, ನನ್ನ ನಂಬರನ್ನೂ ಯಾಕೆ ಬ್ಲಾಕ್ ಮಾಡಿದೆ? ಊರ ಶಾಲೆಯನ್ನು ನಾಲ್ಕನೇ ಇಯತ್ತೆಗೆ ಬಿಟ್ಟವಳ ಕೈಲಿ ಎಪ್ಪತ್ತೊಂದನೇ ವಯಸ್ಸಿನಲ್ಲಿ ಕಾಗದ ಬರೆಸುತ್ತಿದ್ದೀ, ನಾಚಿಕೆಯಾಗಬೇಕು. ಈಗ ಕುಳಿತು ಓದು, ನಿಂತು ಓದಬೇಡ. ನಚಿಕೇತ ಬದುಕಿದ್ದಾನೆ.

ನೀನು ಹೋದ ಐದನೇ ದಿನ ನಿನ್ನ ಮಗ ಬಿಯರು ಕುಡಿದು ಬಂದು ಅದರ ಮೇಲೆ ಗುಳಿಗೆ ನುಂಗಿದ. ಬಚ್ಚಲ ಬಾಗಿಲು ಒಡೆಸಿ ಎತ್ತಿದೆವು. ಎರಡು ದಿನ ಎಚ್ಚರವಿರಲಿಲ್ಲ. ಯಮನ ಬಾಗಿಲಿಗೆ ಹೋದವನ ಹೆಸರು ಇಡಬೇಡಿ ಎಂದು ಬಡಕೊಂಡಿದ್ದೆ, ಕೇಳಿದಿರಾ? ಈಗ ಚಟ ಬಿಡಿಸುವ ವಾರ್ಡಿನಲ್ಲಿದ್ದಾನೆ. ಎರಡು ತುತ್ತು ಉಣ್ಣುತ್ತಾನೆ. ಆಕಿಗೆ ಹೇಳಬ್ಯಾಡ, ಮತ್ತ ಗುಳಿಗಿ ತಂದು ಕೊಡತಾಳ ಅಂದವನು ನಿನ್ನ ಗಂಡ ಹೇಮಂತ. ನಾನು ಸುಮ್ಮನಿದ್ದೆ. ಸುಮ್ಮನಿರುವ ಬಾಯಿ ನನ್ನದಲ್ಲ ಎಂದು ನೀನು ಬಲ್ಲೆ. ಈ ಒಂದು ವಿಷಯದಲ್ಲಿ ಮಾತ್ರ ಚೆನ್ನಾಗಿ ಕಲಿತೆ.

ಗುಳಿಗೆಯದೊಂದೇ ಅಲ್ಲವಂತೆ, ಬಾರ್ಡರ್‌ಲೈನ್ ಪರ್ಸನಾಲಿಟಿ ಎಂಬ ಮನಸ್ಸಿನ ಕಾಯಿಲೆಯೂ ಇದೆಯಂತೆ, ಡಾಕ್ಟರಮ್ಮ ಹೇಳಿದರು. ನಾವು ಕೊಬ್ಬು ಅಂದುಕೊಂಡಿದ್ದೆವು. ಪಟಾನ್‌ಚೆರುವಿನಿಂದ ನಿನ್ನ ಗುಳಿಗೆ ಕಂಪನಿಯ ಬಸ್ಸು ಹತ್ತು ನಿಮಿಷ ತಡವಾದರೆ, ಅಮ್ಮ ಬಿಟ್ಟೇ ಹೋದಳು ಎಂದು ತಟ್ಟೆ ಒಡೆಯುತ್ತಿದ್ದ. ನೀನು ಬಂದರೆ ನಿನ್ನ ಮುಖ ನೋಡಲ್ಲ ಎಂದು ಕದ ಹಾಕಿಕೊಳ್ಳುತ್ತಿದ್ದ. ಅದೆಲ್ಲ ಅದೇ ಅಂತೆ. ನೀನು ಹೊರಟಾಗ ಹೋಗಿ ಸಾಯಿ ಅಂದದ್ದೂ ಅದೇ. ಈಗ ದಿನಾ ಕೇಳುವುದು ಒಂದೇ, ಅಮ್ಮ ಬಂದಳಾ ಎಂದು.

ಇನ್ನು ನನ್ನದು. ಅವನ ಶಾಲೆಯ ಚೀಲದಲ್ಲಿ ಸಿಕ್ಕ ಗುಳಿಗೆ ನೀನು ಕೆಲಸ ಮಾಡುವ ಕಂಪನಿಯದ್ದಲ್ಲ. ನನ್ನದು. ನಿದ್ದೆಗೆಂದು ನನಗೆ ಬರೆದುಕೊಟ್ಟದ್ದು. ಬಚ್ಚಲಲ್ಲಿ ನುಂಗಿದ್ದೂ ನನ್ನ ಡಬ್ಬಿಯವೇ.

ಆಷಾಢದ ಒಂದು ಸಂಜೆ ನಿನ್ನ ಬಸ್ಸು ಬರಲಿಲ್ಲ. ಅವನು ಬ್ಲೇಡು ಹಿಡಿದು ತೋಳು ಕೊರೆದುಕೊಳ್ಳುತ್ತ ಕುಳಿತ. ಕಾಲು ಹಿಡಿದರೂ ಬಿಡಲಿಲ್ಲ. ಅರ್ಧ ಗುಳಿಗೆಯನ್ನು ಬೆಲ್ಲದ ಜೊತೆ ಬಾಯಿಗಿಟ್ಟೆ. ನನ್ನ ತೊಡೆಯ ಮೇಲೆಯೇ ಮಲಗಿದ, ಕುಂಚಿಗೆ ಕಟ್ಟಿದ ಕೂಸಿನ ಹಾಗೆ. ಮನೆಯಲ್ಲಿ ಅಂಥ ಶಾಂತಿ ಕಂಡು ವರ್ಷವಾಗಿತ್ತು, ಸಂಪದಾ. ಆಮೇಲೆ ಅವನು ಕೇಳಿದ, ನಾನು ಕೊಟ್ಟೆ. ಅರ್ಧ ಹೋಗಿ ಒಂದು, ಒಂದು ಹೋಗಿ ಎರಡು. ಕಣ್ಣಿಗೆ ನಿದ್ದೆ ಹತ್ತುವುದಿಲ್ಲ ಎಂದು ನನ್ನ ಡಾಕ್ಟರಿಗೆ ಸುಳ್ಳು ಹೇಳಿ ಹೆಚ್ಚು ಬರೆಸಿಕೊಂಡೆ. ಕಡೆಕಡೆಗೆ ಅದು ಸುಳ್ಳೂ ಆಗಿರಲಿಲ್ಲ.

ಹೇಮಂತ ಚೀಲ ಝಾಡಿಸಿ ನಿನ್ನನ್ನು ಕಳ್ಳಿ ಅಂದಾಗ ನಾನು ಮೆಂತ್ಯಸೊಪ್ಪು ಬಿಡಿಸುತ್ತಿದ್ದೆ. ನನ್ನ ಒಂದು ಮಾತು ಸಾಕಿತ್ತು. ಆಡಿದ್ದು ಬೇರೆಯದು. ಗುಳಿಗಿ ಮಾಡೋರ ಮನ್ಯಾಗ ಗುಳಿಗಿಗೆ ಬರ ಐತೇನು ಅಂದೆ. ನೀನು ನನ್ನ ಕಡೆ ನೋಡಿದೆ. ನಾನು ಸೊಪ್ಪಿನಿಂದ ತಲೆ ಎತ್ತಲಿಲ್ಲ.

ಗುಳಿಗೆ ಎಲ್ಲಿಂದ ಬಂತು ಎಂದು ಡಾಕ್ಟರಮ್ಮ ಕೆದಕಿ ಕೆದಕಿ ಕೇಳಿದರು. ನಾನೇ ಕದ್ದೀನಿ ಅಂದ ನಚಿಕೇತ. ಅಮ್ಮನ ಬ್ಯಾಗಿನಿಂದ ಎಂದು ಹೇಮಂತ ತಾನೇ ಸೇರಿಸಿಕೊಂಡ. ಎಲ್ಲರೂ ತನ್ನನ್ನು ಬಿಟ್ಟು ಹೋಗುತ್ತಾರೆ ಎಂದು ಹೆದರುವ ಹುಡುಗ, ಈ ಮುದುಕಿಯಾದರೂ ಉಳಿಯಲಿ ಎಂದು ನನ್ನ ಹೆಸರು ಹೇಳಲಿಲ್ಲ.

ಅಮಾವಾಸ್ಯೆ ಕಳೆದ ಮರುದಿನ ಮನೆಗೆ ಬಿಡುತ್ತಾರೆ. ಅಮ್ಮ ಇಲ್ಲದ ಮನೀಗೆ ಬಂದ್ರೂ ನಾ ಭಾಳ ದಿನ ಇರಂಗಿಲ್ಲ ಅಂದಿದ್ದಾನೆ. ಅದರ ಅರ್ಥ ನಿನಗೆ ಬಿಡಿಸಿ ಹೇಳಲಾರೆ. ಡಾಕ್ಟರಮ್ಮ ನಿನ್ನ ಜೊತೆ ಮಾತಾಡಬೇಕಂತೆ. ಬಾ. ನನ್ನನ್ನು ಬೈಯುವುದಿದ್ದರೆ ಎದುರಿಗೆ ನಿಂತು ಬೈ.

ನಿನ್ನ ತಲೆಗೆ ತನ್ನ ಪಾಪ ಕಟ್ಟಿದ
ಕೃಷ್ಣಾಬಾಯಿ

ಇನ್ನೊಂದು: ಹೇಮಂತನಿಗೆ ಇದು ಯಾವುದೂ ಗೊತ್ತಿಲ್ಲ. ಹೇಳಬೇಕೆಂದು ಮೂರು ಸಲ ಬಾಯಿ ತೆರೆದೆ; ಮೂರು ಸಲವೂ ಊಟಕ್ಕೆ ಏನು ಮಾಡಲಿ ಎಂದು ಕೇಳಿದೆ. ಈ ಕಾಗದ ಹರಿಯಬೇಡ. ತಂದು ಅವನ ಕೈಗೆ ಕೊಡು. ಅವನು ಓದಿ ಮುಗಿಸುವ ತನಕ ನಾನು ಎದುರಿಗೇ ಕುಳಿತಿರುತ್ತೇನೆ, ಒಳಗೆ ಎದ್ದು ಹೋಗುವುದಿಲ್ಲ. ಮಾರ್ಗಶಿರ ಹುಟ್ಟುವುದರೊಳಗೆ, ಬರುವ ದಿನ ತಿಳಿಸಿ ಉತ್ತರ ಬರೆ.