ಕುರಿ ನೋಡಿ ಕೇಳಿದವಳು

ಪೆನ್ನಾಗರಂ
14-7-1974

ಮಗಾ ಸಣ್ಣಯ್ಯಾ,

ಭದ್ರಾವತಿಯ ಕಾರ್ಖಾನೆ ಕೆಲಸ ಹೇಗಿದೆ? ಕುಲುಮೆಯ ಬಿಸಿಗೆ ಮೈ ಒಗ್ಗಿತೇ? ಕೆಮ್ಮು ಬಿಟ್ಟಿದೆಯೋ ಇಲ್ಲವೋ ನಿಜ ಬರೆ. ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಮಗಳ ವಿಷಯ ಮಾತ್ರ ವಿವರವಾಗಿ ಬರೆಯಬೇಕು, ಹೆದರದೆ ಓದು.

ನಾಲ್ಕು ತುಂಬಿದರೂ ಪೂಂಗೊಡಿಗೆ ಮಾತು ಬರಲಿಲ್ಲವೆಂದು ನಿನ್ನ ಹೆಂಡತಿ ರಾಮಕ್ಕ ಹಟ ಹಿಡಿದು ನನ್ನನ್ನು ಸೇಲಂಗೆ ಹೊರಡಿಸಿದಳು. ಡಾಕ್ಟರ್ ಶಿವರಾಮನ್ ಮಗುವಿನ ಬೆನ್ನ ಹಿಂದೆ ನಿಂತು ಗಿಲಕಿ ಆಡಿಸಿದರು, ತಟ್ಟೆ ಬಡಿದರು. ಆಮೇಲೆ “ಕೊಳಂದೈಕ್ಕು ಕಾದು ಕೇಕ್ಕಲೆ” ಎಂದರು. ಮಗುವಿಗೆ ಕಿವಿ ಕೇಳುವುದಿಲ್ಲವಂತೆ! ನನಗೆ ಸಿಟ್ಟು ನೆತ್ತಿಗೇರಿತು. ಹಟ್ಟಿಯಲ್ಲಿ ನಾನೊಂದು ಸಿಳ್ಳೆ ಹಾಕಿದರೆ ಸಾಕು, ಹುಡುಗಿ ತಟ್ಟನೆ ತಿರುಗುತ್ತಾಳೆ, ನೀನೇ ನೋಡಿದ್ದೀಯಲ್ಲ. ಆ ಡಾಕ್ಟರಿಗೇನು ಗೊತ್ತು ಎಂದು ಬಸ್ಸು ಊರು ಮುಟ್ಟುವವರೆಗೂ ಗೊಣಗಿದೆ.

ಮನೆಗೆ ಬಂದ ಮೇಲೆ ರಾಮಕ್ಕ, “ಕುರಿ ಇಲ್ದಾಗ ಒಂದ್ಸಲ ಸಿಳ್ಳೆ ಆಕ್ ನೋಡು ಮಾವಾ” ಎಂದಳು. ಮಂದೆ ಗುಡ್ಡದಾಚೆ ಮೇಯುತ್ತಿದ್ದಾಗ ಹುಡುಗಿಯ ಹಿಂದೆ ನಿಂತು ಸಿಳ್ಳೆ ಹಾಕಿದೆ, ಕೂಗಿದೆ. ಅವಳು ಮಣ್ಣಲ್ಲಿ ಗೀಟು ಹಾಕುತ್ತಲೇ ಇದ್ದಳು. ಸಂಜೆ ಮಂದೆ ಬಂದ ಮೇಲೆ ಮತ್ತೆ ಹಾಕಿದೆ. ಕುರಿಗಳೆಲ್ಲ ನನ್ನತ್ತ ತಲೆ ಎತ್ತಿದವು. ಅವುಗಳನ್ನು ನೋಡಿ ಅವಳೂ ತಿರುಗಿದಳು! ಇಷ್ಟು ದಿನ ನಮ್ಮೆಲ್ಲರ ಕಣ್ಣಿಗೆ ಮಣ್ಣೆರಚಿದ್ದಾಳೆ, ಕಿಲಾಡಿ. ಇದನ್ನು ಅವಳಿಗೆ ಯಾರು ಕಲಿಸಿದರು ಹೇಳು? ನಗುವೂ ಬಂತು, ಅಳುವೂ ಬಂತು. ಐವತ್ತು ವರ್ಷ ಕುರಿ ಕಾಯ್ದವನಿಗೆ ಇಷ್ಟು ಕಾಣಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಮತ್ತೆ ಡಾಕ್ಟರ ಹತ್ತಿರ ಹೋಗಿ ತಪ್ಪೊಪ್ಪಿಕೊಂಡೆ. ಈಗ ಅವಳ ಎದೆ ಮೇಲೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಕಿವಿ ಮಿಷನ್ ಇದೆ, ಅದರಿಂದ ಕಿವಿಗೊಂದು ವೈರು. ಮೊದಲ ದಿನ ಒರಳಿನ ಸದ್ದಿಗೆ ಬೆಚ್ಚಿಬಿದ್ದವಳು ಈಗ ಆ ಪೆಟ್ಟಿಗೆಯನ್ನು ಮರಿಗಳ ಬಾಯಿಗೆ, ನನ್ನ ಹೊಟ್ಟೆಗೂ ಹಿಡಿದು ನೋಡುತ್ತಾಳೆ. ಅವಳು ಮಲಗಿದ್ದಾಗ ನಾನೂ ಕದ್ದು ಹಾಕಿಕೊಂಡೆ; ಮೀಸೆ ತಿರುವಿದ್ದೂ ಗರಗರ ಕೇಳಿತು. ಆದರೆ ಸದ್ದು ಕೇಳಿದ ಮಾತ್ರಕ್ಕೆ ಮಾತು ಬಾರದು, ಈಗಲೇ ಕಲಿಸದಿದ್ದರೆ ಮುಂದೆ ಕಷ್ಟ ಎಂದಿದ್ದಾರೆ ಡಾಕ್ಟರು. ಸೇಲಂನ ಕಿವುಡು ಮಕ್ಕಳ ಶಾಲೆಗೆ ಸೇರಿಸಿದ್ದೇನೆ. ಸೋಮವಾರ ತಾಯಿ ಮಗಳು ಹೊರಡುತ್ತಾರೆ, ರಜೆಗೆ ಮನೆಗೆ ಬರುತ್ತಾರೆ.

ಹೊತ್ತಿಗೆ ಸರಿಯಾಗಿ ಉಣ್ಣು. ಮಾದಪ್ಪ ನಿನ್ನ ಬೆನ್ನಿಗಿರಲಿ.

ನಿನ್ನ ಅಪ್ಪ,
ನಾರಪ್ಪ

ಮರೆತಿದ್ದೆ. ಅಲ್ಲ, ಮರೆತಿರಲಿಲ್ಲ, ಬರೆಯಲು ಮನಸ್ಸು ಬರಲಿಲ್ಲ. ಮಗುವಿನ ಕಿವಿಗೆ ಒಂದೇ ಭಾಷೆ ಬೀಳಬೇಕು, ಎರಡು ಬೆರೆಸಬಾರದು ಎಂದರು ಶಾಲೆಯ ಟೀಚರಮ್ಮ. ಅಲ್ಲಿ ಕಲಿಸುವುದು ತಮಿಳು. ನಿನ್ನನ್ನು ಕೇಳದೆ ಒಪ್ಪಿಕೊಂಡೆ. ನಿನ್ನೆಯಿಂದ ನಮ್ಮ ಮನೆಯಲ್ಲೂ ತಮಿಳೇ. ನಿನಗೆ ಹೇಳಿದ ಕಥೆಗಳನ್ನೆಲ್ಲ ಅವಳಿಗೂ ಹೇಳಬೇಕೆಂದಿದ್ದೆ, ಸಂಕಟವಾಗುತ್ತದೆ. ಕೋಪ ಬಂದರೆ ನನ್ನನ್ನು ಕನ್ನಡದಲ್ಲೇ ಬೈದು ಕಾಗದ ಬರೆ. ಬಂದಾಗ ಅವಳ ಮುಂದೆ ಮಾತ್ರ ಒಂದು ಕನ್ನಡ ಮಾತೂ ಆಡಬೇಡ.