ಬೆಟ್ಟ ಮುಗಿಸುವ ತನಕ

ಮಧುಗಿರಿ, ಸೋಮವಾರ

ಡ್ರಮ್ಸ್ ನುಡಿಸುವ ಭವ್ಯ ಮೇಡಂ ಅವರಿಗೆ ಮುತ್ತುರಾಜನ ನಮಸ್ಕಾರ.

ನಿಮ್ಮ ಡ್ರಮ್ಸಿನ ಒಂದು ಸ್ಟ್ಯಾಂಡು ಇಲ್ಲೇ ಉಳಿದಿದೆ. ಒರೆಸಿ, ಗೋಣಿಚೀಲದಲ್ಲಿ ಸುತ್ತಿಟ್ಟಿದ್ದೇನೆ.

ರಾಕ್ ಬ್ಯಾಂಡುಗಳು ಬೆಂಗಳೂರು, ಪುಣೆ ಬಿಟ್ಟು ಈ ಕಡೆ ಏಕೆ ಬರುವುದಿಲ್ಲವೆಂದು ನಾನೂ ನನ್ನ ಗೆಳೆಯ ಹಾಲೇಶನೂ ಆರು ವರ್ಷ ಜಗಳವಾಡಿದ್ದೇವೆ. ನಾನು ರಸ್ತೆ, ಕರೆಂಟು ಎನ್ನುತ್ತಿದ್ದೆ. ಅವನು, "ನಮ್ಗೆ ಕೇಳಾಕೆ ಬರಲ್ಲ ಅಂದ್ಕಂಡವ್ರೆ ಕಣ್ಲಾ" ಎನ್ನುತ್ತಿದ್ದ. ಕೊನೆಗೆ ನೀವು ಬಂದು ಮೊನ್ನೆ ಸಂಜೆ ಬೆಟ್ಟದ ಬುಡದಲ್ಲಿ ನುಡಿಸಿದಿರಿ. ಮೂರು ಹಾಡಾದರೂ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ನಮಗೆ ಹಿಡಿಸಲಿಲ್ಲವೆಂದುಕೊಂಡು ನೀವು ಗಂಟುಮೂಟೆ ಕಟ್ಟಿದಿರಿ.

ಆದದ್ದೇ ಬೇರೆ. ನೀವು ಕೈ ನಿಲ್ಲಿಸಿದ ಮೇಲೂ ನಿಮ್ಮ ಪೆಟ್ಟು ಬಂಡೆಗೆ ಬಡಿದು ವಾಪಸು ಬರುತ್ತಿತ್ತು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದ ನಿಮಗೆ ಅದು ಕೇಳಿಸಿರಲಿಕ್ಕಿಲ್ಲ. ಹುಟ್ಟಿದಾಗಿನಿಂದ ನೋಡಿದ ಬೆಟ್ಟ ಹೀಗೆ ಮಾತಾಡುತ್ತದೆಂದು ನಮಗೂ ಗೊತ್ತಿರಲಿಲ್ಲ. ಚಪ್ಪಾಳೆ ಏಕೆ ತಟ್ಟಲಿಲ್ಲವೆಂದು ಟೀ ಅಂಗಡಿಯ ಇಂದ್ರಮ್ಮನವರನ್ನು ಆಮೇಲೆ ಕೇಳಿದೆ. "ಬೆಟ್ಟ ಇನ್ನೂ ಮುಗಿಸಿರ್ಲಿಲ್ಲ ಕಣಪ್ಪ, ಮಧ್ಯಕ್ಕೆ ಹೆಂಗೆ ತಟ್ಟದು?" ಎಂದರು.

ಸ್ಟ್ಯಾಂಡನ್ನು ಬಸ್ಸಿಗೆ ಹಾಕಿ ಕಳಿಸಬಹುದು, ಆದರೆ ಹಾಲೇಶ ಬಿಡುತ್ತಿಲ್ಲ. ದಯವಿಟ್ಟು ನೀವೇ ಬನ್ನಿ. ಇಯರ್‌ಫೋನ್ ತೆಗೆದಿಟ್ಟು ಒಂದೇ ಒಂದು ಪೆಟ್ಟು ಹಾಕಿ, ನಮ್ಮ ಜೊತೆ ಸುಮ್ಮನೆ ನಿಂತುಕೊಳ್ಳಿ.

ಇಂತಿ,
ಕಾಯುತ್ತಿರುವ
ಮುತ್ತುರಾಜ್