ಕಾದಂಬರಿ ಓದಿ ಅತ್ತಿದ್ದು ಯಾಕೆಂದರೆ

ರೀ,

ಅಂಗನವಾಡಿ ಮೀಟಿಂಗಿಗೆ ತರೀಕೆರೆಗೆ ಹೊರಟಿದ್ದೇನೆ. ರೊಟ್ಟಿ ಡಬ್ಬಿಯಲ್ಲಿದೆ, ಹುರುಳಿಕಾಳು ಸಾರು ಬಿಸಿ ಮಾಡಿಕೊಳ್ಳಿ. ಎಮ್ಮೆಗೆ ನೀರು ಕುಡಿಸಿ.

ನಿನ್ನೆ ನಾನು ಕಾದಂಬರಿ ಓದಿ ಅಳುವಾಗ, "ಯಾರ್ದೋ ಲವ್ ಸ್ಟೋರಿಗೆ ಅಳ್ತೀಯಲ್ಲೇ" ಅಂತ ನಕ್ಕಿರಿ. ಸುಸ್ತಾಗಿತ್ತು, ಪುಸ್ತಕ ಮುಚ್ಚಿಟ್ಟೆ. ಅದರಲ್ಲಿ ಪ್ರೀತಿಸಿ ಮದುವೆಯಾದವರ ಮಗು ಹುಟ್ಟುತ್ತಲೇ ತೀರಿಹೋಗುತ್ತದೆ. ಆಮೇಲೆ ಇಬ್ಬರೂ ಅಡುಗೆಮನೆಯಲ್ಲಿ ಕೂತು ಆ ಮಗುವಿನ ಬಗ್ಗೆಯೇ ಮಾತಾಡುತ್ತಾರೆ.

ನಮ್ಮ ಮಗಳು ಹೋಗಿ ಎರಡು ವರ್ಷವಾಯಿತು. ಅವಳನ್ನು ಮಣ್ಣು ಮಾಡಿ ಬಂದ ದಿನ ನೀವು ಪಂಪ್‌ಸೆಟ್ ಬಿಚ್ಚಿಕೊಂಡು ಕೂತಿರಿ, ನಾನು ಗೋಡೆ ಕಡೆ ತಿರುಗಿ ಮಲಗಿದೆ. ಇವತ್ತಿನವರೆಗೂ ಹಾಗೇ ಇದ್ದೇವೆ.

ಬೈಯುತ್ತಿಲ್ಲ. ಅವಳಿಗೆ ನಾನೊಂದು ಹೆಸರು ಯೋಚಿಸಿಟ್ಟಿದ್ದೆ. ಸಂಜೆ ಕೇಳಿ, ಹೇಳುತ್ತೇನೆ.

ಮಾನಸ